ನಾಬೋತನ ದ್ರಾಕ್ಷಿತೋಟ, ಮೋಸುಲಿನ ತೈಲ: ಯುದ್ಧದ ಉದ್ದೇಶದ ಕುರಿತು ಒಂದು ಚಾರಿತ್ರಿಕ ವಿವೇಚನೆ

ನ್ಯಾಯಯುತ ಯುದ್ಧದ ಸಿದ್ಧಾಂತವನ್ನು ಬೋಧಿಸುವಾಗ ಸಂತ ಥಾಮಸ್ ಅಕ್ವಿನಾಸರ ಮೂರು ನಿಬಂಧನೆಗಳನ್ನು ನಾವು ಕ್ರಮವಾಗಿ ಹೇಳಿಕೊಡುತ್ತೇವೆ: ಯುದ್ಧ ಸಾರುವವರಿಗೆ ನ್ಯಾಯಬದ್ಧ ಅಧಿಕಾರವಿರಬೇಕು, ಕಾರಣ ನ್ಯಾಯಯುತವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಮೊದಲಿನ ಎರಡನ್ನು ಕುರಿತ ಚರ್ಚೆ ವಿಸ್ತಾರವಾದುದು. ಮೂರನೆಯದನ್ನು ಮಾತ್ರ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತೇವೆ. ಅಂತರಂಗವನ್ನು ಬಲ್ಲವನು ದೇವರೊಬ್ಬನೇ, ಆಳುವವರ ಮನಸ್ಸನ್ನು ನಾವು ಅಳೆಯುವುದು ಹೇಗೆ ಎಂಬುದು ಇದಕ್ಕೆ ಕೊಡುವ ಸಮಾಧಾನ. ಆದರೆ ಅಕ್ವಿನಾಸರ ನಿಲುವು ಕಠಿಣವಾದುದು. ಅಧಿಕಾರವೂ ಕಾರಣವೂ ಸರಿಯಿದ್ದು ಉದ್ದೇಶವೊಂದು ಕೆಟ್ಟಿದ್ದರೂ ಆ ಯುದ್ಧ ಅಧರ್ಮವಾಗುತ್ತದೆ ಎನ್ನುತ್ತಾರೆ ಅವರು. ಹಾಗಿದ್ದಲ್ಲಿ ಉದ್ದೇಶವನ್ನು ಪರೀಕ್ಷಿಸುವ ದಾರಿಯಾದರೂ ಯಾವುದು? ಇರಾಕಿನ ತೈಲದ ಚರಿತ್ರೆ ಈ ಪ್ರಶ್ನೆಗೆ ಒಂದು ಉತ್ತರವನ್ನು ಒದಗಿಸುತ್ತದೆಂಬುದು ಈ ಲೇಖನದ ವಾದ.

ಪಶ್ಚಿಮದ ರಾಷ್ಟ್ರಗಳು ಅರಬ್ ನಾಡುಗಳಲ್ಲಿ ನಡೆಸಿದ ಯುದ್ಧಗಳ ಬಗ್ಗೆ ಎರಡು ಸುಲಭ ಉತ್ತರಗಳು ಪ್ರಚಾರದಲ್ಲಿವೆ. ಎಲ್ಲವೂ ತೈಲಕ್ಕಾಗಿಯೇ ನಡೆಯಿತೆಂಬುದು ಒಂದು. ತೈಲಕ್ಕೂ ಯುದ್ಧಕ್ಕೂ ಸಂಬಂಧವೇ ಇಲ್ಲವೆಂಬುದು, ಅಂದರೆ ಆಯಾ ಸರ್ಕಾರಗಳು ಹೇಳುತ್ತ ಬಂದದ್ದು, ಇನ್ನೊಂದು. ದಾಖಲೆಗಳು ಈ ಎರಡನ್ನೂ ಪೂರ್ಣವಾಗಿ ಸಮರ್ಥಿಸುವುದಿಲ್ಲ.

1901ರಲ್ಲಿ ಪರ್ಷಿಯಾದ ಶಾಹನು ವಿಲಿಯಂ ನಾಕ್ಸ್ ಡಾರ್ಸಿ ಎಂಬ ಉದ್ಯಮಿಗೆ ತೈಲ ಶೋಧನೆಯ ಹಕ್ಕನ್ನು 60 ವರ್ಷಗಳ ಅವಧಿಗೆ ಬರೆದುಕೊಟ್ಟನು. 1908ರಲ್ಲಿ ಮಸ್ಜಿದ್ ಸುಲೇಮಾನ್ ಎಂಬಲ್ಲಿ ತೈಲ ಚಿಮ್ಮಿತು. ಮರುವರ್ಷ ಆಂಗ್ಲೋ-ಪರ್ಷಿಯನ್ ತೈಲ ಕಂಪನಿ ಹುಟ್ಟಿಕೊಂಡಿತು. ಅದೇ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲನ್ನು ಬಿಟ್ಟು ತೈಲದಿಂದ ನಡೆಯುವ ಯುದ್ಧನೌಕೆಗಳತ್ತ ಹೊರಳುತ್ತಿತ್ತು. ಕಲ್ಲಿದ್ದಲು ಬ್ರಿಟನ್ನಿನ ನೆಲದಲ್ಲಿಯೇ ಹೇರಳವಾಗಿತ್ತು, ತೈಲ ಅಲ್ಲಿರಲಿಲ್ಲ. ಆದ್ದರಿಂದ 1914ರ ಜೂನ್‌ನಲ್ಲಿ, ನೌಕಾಮಂತ್ರಿ ವಿನ್‌ಸ್ಟನ್ ಚರ್ಚಿಲ್ ಅವರ ಒತ್ತಾಯದ ಮೇರೆಗೆ, ಆ ಕಂಪನಿಯ ಶೇ. 51 ಪಾಲನ್ನು ಸರ್ಕಾರವೇ ಕೊಳ್ಳಲು ಪಾರ್ಲಿಮೆಂಟ್ ಒಪ್ಪಿತು. ಎರಡು ತಿಂಗಳೊಳಗೆ ಮಹಾಯುದ್ಧ ಆರಂಭವಾಯಿತು.

1914ರ ನವೆಂಬರ್‌ನಲ್ಲಿ ಪರ್ಷಿಯನ್ ಕೊಲ್ಲಿಯ ತುದಿಯಲ್ಲಿರುವ ಫಾವ್ ಎಂಬಲ್ಲಿ ಇಳಿದ ಪಡೆ ಭಾರತದಿಂದ ಹೋದುದು. ಪುಣೆಯ ಡಿವಿಜನ್ನಿನ ತುಕಡಿ. ತುರ್ಕಿ ವಿರೋಧಿ ಪಾಳಯವನ್ನು ಸೇರಿತ್ತು. ಕೊಲ್ಲಿಯಲ್ಲಿ ಬ್ರಿಟಿಷರ ಪ್ರತಿಷ್ಠೆಯನ್ನು ಉಳಿಸುವುದು, ಅರಬ್ ಮುಖಂಡರನ್ನು ಜೊತೆಗಿರಿಸಿಕೊಳ್ಳುವುದು, ಅಬಾದಾನಿನ ತೈಲ ಶುದ್ಧೀಕರಣ ಕೇಂದ್ರವನ್ನು ಕಾಯುವುದು, ಇವೆಲ್ಲವೂ ಒಟ್ಟಾಗಿ ಅದರ ಉದ್ದೇಶಗಳಾಗಿದ್ದವು. ತೈಲ ಅವುಗಳಲ್ಲಿ ಒಂದು ಮಾತ್ರ. ಆದರೆ ಬಸ್ರಾದಲ್ಲಿ ನಿಲ್ಲಬಹುದಾಗಿದ್ದ ಸೇನೆ ನಿಲ್ಲಲಿಲ್ಲ. ಬಾಗ್ದಾದಿನ ದಾರಿಯಲ್ಲಿ, ಕುತ್ ಎಂಬ ಊರಿನಲ್ಲಿ, 1916ರ ಏಪ್ರಿಲ್‌ನಲ್ಲಿ ಸುಮಾರು 13,000 ಮಂದಿ ಶರಣಾದರು. ಅವರಲ್ಲಿ ಬಹುಪಾಲು ಭಾರತೀಯರು. 1917ರ ಮಾರ್ಚ್‌ನಲ್ಲಿ ಬಾಗ್ದಾದ್ ಕೈವಶವಾದಾಗ ಜನರಲ್ ಮಾಡ್ ಅವರ ಹೆಸರಿನಲ್ಲಿ ಹೊರಟ ಘೋಷಣೆ, ನಾವು ಗೆದ್ದು ಆಳಲು ಬಂದವರಲ್ಲ, ಬಿಡುಗಡೆ ಮಾಡಲು ಬಂದವರು ಎಂಬ ಭರವಸೆಯನ್ನು ಜನರಿಗೆ ನೀಡಿತು.

ಆ ಭರವಸೆಯ ಹಿಂದೆ ನಡೆದ ಪತ್ರವ್ಯವಹಾರ ಇಂದು ಎಲ್ಲರಿಗೂ ಲಭ್ಯವಿದೆ. 1918ರಲ್ಲಿ ಯುದ್ಧ ಮಂತ್ರಿಮಂಡಲದ ಕಾರ್ಯದರ್ಶಿ ಮಾರಿಸ್ ಹ್ಯಾಂಕಿ ಅವರು ವಿದೇಶಾಂಗ ಮಂತ್ರಿ ಬಾಲ್ಫರ್ ಅವರಿಗೆ ಬರೆದು, ತೈಲಪ್ರದೇಶಗಳ ಹಿಡಿತ ಯುದ್ಧದ ಪ್ರಧಾನ ಗುರಿಗಳಲ್ಲೊಂದಾಗಬೇಕೆಂದು ಸೂಚಿಸಿದರು. ಬಾಲ್ಫರ್ ಮೊದಲು ಹಿಂಜರಿದರು. ಇದು ಸಾಮ್ರಾಜ್ಯದಾಹವೆಂದು ಕಾಣುತ್ತದಲ್ಲ ಎಂಬುದು ಅವರ ಅಳುಕು. ಬಳಿಕ ಅವರೇ, ಯಾವ ವ್ಯವಸ್ಥೆಯ ಮೂಲಕವಾದರೂ ಆಗಲಿ, ಆ ತೈಲ ನಮಗೆ ದೊರೆಯುವಂತಿರಬೇಕು ಎಂಬ ನಿಲುವಿಗೆ ಬಂದರು. 1918ರ ಅಕ್ಟೋಬರ್ 30ರಂದು ತುರ್ಕಿಯೊಡನೆ ಕದನವಿರಾಮವಾಯಿತು. ಬ್ರಿಟಿಷ್ ಸೇನೆ ಮೋಸುಲ್ ನಗರವನ್ನು ಹೊಕ್ಕದ್ದು ಅದಾದ ಮೇಲೆ.

ಮುಂದಿನದು ಶಾಂತಿಯ ಹೆಸರಿನಲ್ಲಿ ನಡೆಯಿತು. 1920ರ ಏಪ್ರಿಲ್‌ನಲ್ಲಿ ಸಾನ್ ರೆಮೊ ಎಂಬಲ್ಲಿ ಬ್ರಿಟನ್ನಿಗೆ ಇರಾಕಿನ ಆಡಳಿತ ವಹಿಸಲ್ಪಟ್ಟಿತು. ಅಲ್ಲಿಯೇ ತೈಲದ ಕಾಲು ಪಾಲು ಫ್ರಾನ್ಸಿಗೆಂದು ನಿಗದಿಯಾಯಿತು. ಆ ವರ್ಷವೇ ದಂಗೆಯೆದ್ದ ಇರಾಕಿನ ಜನರನ್ನು ಸೈನ್ಯದಿಂದಲೂ ವಿಮಾನಗಳಿಂದಲೂ ಅಡಗಿಸಲಾಯಿತು. ಲೌಸಾನ್ ಸಮ್ಮೇಳನದಲ್ಲಿ ಮೋಸುಲಿಗಾಗಿ ತುರ್ಕಿಯೊಡನೆ ವಾದಿಸಿದ ಲಾರ್ಡ್ ಕರ್ಜನ್, ತಮ್ಮ ವಾದಕ್ಕೂ ತೈಲಕ್ಕೂ ಸಂಬಂಧವಿಲ್ಲವೆಂದು ಸಾರಿದರು. ಇರಾಕಿಗೆ ಸ್ವದೇಶಿ ಪಾಲಾಗಿ ಶೇ. 20ರವರೆಗೆ ದೊರೆಯಬಹುದೆಂದು ಸಾನ್ ರೆಮೊದಲ್ಲಿ ಹೇಳಲಾಗಿತ್ತು. 1925ರ ಮಾರ್ಚ್‌ನಲ್ಲಿ ಟರ್ಕಿಷ್ ಪೆಟ್ರೋಲಿಯಂ ಕಂಪನಿಯೊಡನೆ ಒಪ್ಪಂದಕ್ಕೆ ಸಹಿಯಾದಾಗ ಆ ಪಾಲು ಕೈಗೆ ಬರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ರಾಷ್ಟ್ರಸಂಘ ಮೋಸುಲನ್ನು ಇರಾಕಿಗೆ ಸೇರಿಸಿತು. 1927ರ ಅಕ್ಟೋಬರ್‌ನಲ್ಲಿ ಕಿರ್ಕುಕ್ ಬಳಿಯ ಬಾಬಾ ಗುರ್ಗುರ್‌ನಲ್ಲಿ ತೈಲ ಉಕ್ಕಿತು. ನೆಲದಿಂದ ಸದಾ ಬೆಂಕಿ ಏಳುವ ಆ ಸ್ಥಳವೇ ದಾನಿಯೇಲನ ಗ್ರಂಥದಲ್ಲಿ ಬರುವ ಉರಿಯುವ ಕುಲುಮೆಯೆಂದು ಸ್ಥಳೀಯರ ನಂಬಿಕೆ. 1928ರ ಹಂಚಿಕೆಯಲ್ಲಿ ಬ್ರಿಟಿಷ್, ಡಚ್-ಬ್ರಿಟಿಷ್, ಫ್ರೆಂಚ್, ಅಮೆರಿಕನ್ ಬಣಗಳಿಗೆ ತಲಾ ಶೇ. 23.75, ಮಧ್ಯವರ್ತಿ ಗುಲ್ಬೆಂಕಿಯನ್ ಅವರಿಗೆ ಶೇ. 5. ನೆಲದ ಮಕ್ಕಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲಿ ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯ ನಮಗೆ ದಾರಿ ತೋರಿಸುತ್ತದೆ. ಅಹಾಬನಿಗೆ ಬೇಕಾಗಿದ್ದುದು ನಾಬೋತನ ದ್ರಾಕ್ಷಿತೋಟ. ಆದರೆ ಈಜೆಬೆಲಳ ಪತ್ರಗಳಲ್ಲಿ ತೋಟದ ಮಾತಿಲ್ಲ. ರಾಜಮುದ್ರೆಯಿದೆ, ಸಾರ್ವಜನಿಕ ಉಪವಾಸದ ಘೋಷಣೆಯಿದೆ, ದೇವನಿಂದೆಯ ಆರೋಪವಿದೆ, ನಿಯಮದಂತೆ ಇಬ್ಬರು ಸಾಕ್ಷಿಗಳಿದ್ದಾರೆ. ಅಧಿಕಾರವೂ ಕಾರಣವೂ ಮೇಲ್ನೋಟಕ್ಕೆ ಸರಿಯಾಗಿಯೇ ಇವೆ. ಪ್ರವಾದಿ ಎಲೀಯನು ಆ ಪತ್ರಗಳ ಬಗ್ಗೆ ವಾದಕ್ಕಿಳಿಯುವುದಿಲ್ಲ. ಅರಸನನ್ನು ಅವನು ಎದುರುಗೊಳ್ಳುವುದು ಅರಮನೆಯಲ್ಲಲ್ಲ, ಅರಸನು ವಶಪಡಿಸಿಕೊಳ್ಳಲು ಇಳಿದುಬಂದಿದ್ದ ಆ ತೋಟದಲ್ಲಿಯೇ. ಮನಸ್ಸಿನಲ್ಲಿ ಅಡಗಿದ್ದ ಉದ್ದೇಶ ಸ್ವಾಧೀನದ ಸ್ಥಳದಲ್ಲಿ ಬಯಲಿಗೆ ಬಂದಿತ್ತು. ನಾವು ಹುಡುಕುತ್ತಿರುವ ಅಳತೆಗೋಲು ಇದೇ. ಯುದ್ಧಕ್ಕೆ ಮೊದಲು ಏನು ಹೇಳಿದರು ಎಂಬುದಕ್ಕಿಂತ, ಗೆದ್ದ ಮೇಲೆ ಏನನ್ನು ಬಿಟ್ಟುಕೊಡಲಿಲ್ಲ ಎಂಬುದು ಉದ್ದೇಶಕ್ಕೆ ಸಾಕ್ಷಿ.

ಈ ಅಳತೆಗೋಲನ್ನು 2003ರ ಯುದ್ಧಕ್ಕೂ ಹಿಡಿದುನೋಡಬೇಕು. ಅಷ್ಟರಲ್ಲಿ ಬ್ರಿಟನ್ನಿನ ಸ್ಥಾನಕ್ಕೆ ಅಮೆರಿಕ ಬಂದಿತ್ತು. ಕೊಲ್ಲಿ ಪ್ರದೇಶವನ್ನು ಹೊರಗಿನ ಶಕ್ತಿಯೊಂದು ಹಿಡಿಯಲು ಬಂದರೆ ಸೇನಾಬಲದಿಂದಲೂ ತಡೆಯುವೆವೆಂದು ಅಧ್ಯಕ್ಷ ಕಾರ್ಟರ್ 1980ರಲ್ಲಿಯೇ ಬಹಿರಂಗವಾಗಿ ಸಾರಿದ್ದರು. 2003ರಲ್ಲಿ ಮುಂದಿಟ್ಟ ಕಾರಣ ಮಾತ್ರ ಸಮೂಹನಾಶಕ ಅಸ್ತ್ರಗಳು. ಭದ್ರತಾ ಮಂಡಳಿಯ ಸ್ಪಷ್ಟ ಅನುಮತಿಯಿಲ್ಲದೆ ಯುದ್ಧ ನಡೆಯಿತು. ಆ ಅಸ್ತ್ರಗಳ ದಾಸ್ತಾನು ದೊರೆಯಲಿಲ್ಲ. ಏಪ್ರಿಲ್‌ನಲ್ಲಿ ಬಾಗ್ದಾದ್ ಬಿದ್ದಾಗ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ತೈಲ ಸಚಿವಾಲಯಕ್ಕೆ ಸೈನಿಕರ ಕಾವಲಿತ್ತು.

ಇದರ ಎದುರು ಇನ್ನೊಂದು ಸಂಗತಿಯನ್ನೂ ಇಡುವುದು ನ್ಯಾಯ. 2009ರಲ್ಲಿ ಇರಾಕ್ ಸರ್ಕಾರ ತೈಲಕ್ಷೇತ್ರಗಳನ್ನು ಹರಾಜಿಗಿಟ್ಟಾಗ ಅತಿದೊಡ್ಡದಾದ ರುಮೈಲಾ ಬ್ರಿಟನ್ನಿನ ಬಿಪಿ ಮತ್ತು ಚೀನಾದ ಕಂಪನಿಯ ಪಾಲಾಯಿತು. ರಷ್ಯಾದ ಲುಕಾಯಿಲ್ ಕೂಡ ಒಂದು ಭಾರಿ ಕ್ಷೇತ್ರವನ್ನು ಪಡೆಯಿತು. ಅಮೆರಿಕದ ಕಂಪನಿಗಳಿಗೆ ಸಿಕ್ಕಿದ್ದು ಕಡಿಮೆ. ಆದ್ದರಿಂದ ಬಾವಿಗಳನ್ನು ದೋಚುವುದಕ್ಕಾಗಿಯೇ ಯುದ್ಧ ನಡೆಯಿತೆಂಬ ಸರಳ ಆರೋಪ ಇಲ್ಲಿ ನಿಲ್ಲುವುದಿಲ್ಲ. ಭಯ, ಪ್ರತಿಷ್ಠೆ, ಸೇಡು, ಜಗತ್ತನ್ನು ತಿದ್ದುವೆವೆಂಬ ಹಮ್ಮು, ತೈಲ ಹರಿಯುವ ಪ್ರದೇಶದ ಮೇಲಿನ ಹಿಡಿತ, ಇವೆಲ್ಲವೂ ಬೆರೆತಿದ್ದವು. ಯುದ್ಧದಲ್ಲಿ ಖಂಡನೀಯವಾದುದನ್ನು ಎಣಿಸುವಾಗ ಸಂತ ಅಗಸ್ಟೀನರು ಸೊತ್ತಿನ ಆಸೆಯ ಮೇಲೆ ಬೆರಳಿಡಲಿಲ್ಲ. ಹಾನಿ ಮಾಡುವ ಹಂಬಲವನ್ನೂ ಆಳುವ ದಾಹವನ್ನೂ ಹೆಸರಿಸಿದರು. ತೈಲವನ್ನು ಒಯ್ಯದಿದ್ದರೂ ಆಳುವ ದಾಹ ಇರಬಲ್ಲದು.

ಈ ಸಂದರ್ಭದಲ್ಲಿ ಧರ್ಮಸಭೆ ಮೌನವಾಗಿರಲಿಲ್ಲ. 2003ರ ಮಾರ್ಚ್ 5, ಬೂದಿ ಬುಧವಾರ. ಆ ದಿನವನ್ನು ಶಾಂತಿಗಾಗಿ ಉಪವಾಸದ ದಿನವನ್ನಾಗಿ ಆಚರಿಸಲು ಜಗದ್ಗುರು ಎರಡನೆಯ ಜಾನ್ ಪಾಲರು ಕರೆಕೊಟ್ಟಿದ್ದರು. ಅವರ ದೂತರಾದ ಕಾರ್ಡಿನಲ್ ಪಿಯೊ ಲಾಗಿ ಅಂದೇ ಅಧ್ಯಕ್ಷ ಬುಷ್ ಅವರನ್ನು ಕಂಡು ಯುದ್ಧ ಬೇಡವೆಂದು ಬೇಡಿಕೊಂಡರು. ಈಜೆಬೆಲಳು ಸಾರಿದ ಉಪವಾಸ ಅನ್ಯಾಯವನ್ನು ಮುಚ್ಚಲಿಕ್ಕೆ. ಈ ಉಪವಾಸ ಅದನ್ನು ತಡೆಯಲಿಕ್ಕೆ. ಎರಡು ವಾರಗಳಲ್ಲಿ ಬಾಂಬುಗಳು ಬಿದ್ದವು.

ಅದರ ಬೆಲೆಯನ್ನು ತೆತ್ತವರಲ್ಲಿ ನಮ್ಮ ವಿಶ್ವಾಸದ ಸೋದರರೂ ಇದ್ದಾರೆ. ಬೆಳ್ತಂಗಡಿ ಧರ್ಮಪ್ರಾಂತ್ಯದ ಸಿರೋ-ಮಲಬಾರ್ ದೇವಾಲಯಗಳಲ್ಲಿ ಇಂದಿಗೂ ಅರ್ಪಿಸಲಾಗುವ ಅದ್ದಾಯಿ ಮತ್ತು ಮಾರಿಯರ ಹೆಸರಿನ ಪ್ರಾರ್ಥನೆ ಆ ಮೆಸೊಪೊಟೇಮಿಯದ ಪರಂಪರೆಯಿಂದ ಬಂದುದು. ಅಲ್ಲಿನ ಕ್ರೈಸ್ತರು 2003ಕ್ಕೆ ಮೊದಲು ಹತ್ತು ಲಕ್ಷಕ್ಕೂ ಹೆಚ್ಚಿದ್ದರೆಂದೂ ಈಗ ಎರಡೂವರೆ ಲಕ್ಷಕ್ಕಿಂತ ಕಡಿಮೆಯೆಂದೂ ಸಾಮಾನ್ಯ ಅಂದಾಜು. ರೋಮಿನಲ್ಲಿ ದೈವಶಾಸ್ತ್ರ ಓದಿ, ಯುದ್ಧದ ನಂತರ ತಾವಾಗಿಯೇ ತಾಯ್ನಾಡಿಗೆ ಮರಳಿದ್ದ ಯುವಗುರು ರಘೀದ್ ಗನ್ನಿ ಅವರನ್ನು 2007ರ ಜೂನ್ 3ರ ಭಾನುವಾರ, ಬಲಿಪೂಜೆ ಮುಗಿಸಿ ಹೊರಬಂದಾಗ, ಮೂವರು ಸಬ್‌ಡೀಕನ್‌ಗಳೊಂದಿಗೆ ಮೋಸುಲಿನಲ್ಲಿ ಕೊಲ್ಲಲಾಯಿತು. ಮರುವರ್ಷ ಅದೇ ನಗರದ ಮಹಾಧರ್ಮಾಧ್ಯಕ್ಷ ಪೌಲೋಸ್ ಫರಜ್ ರಹ್ಹೋ ಅಪಹೃತರಾಗಿ ಶವವಾಗಿ ಸಿಕ್ಕರು. ಕೊಂದವರು ಪಶ್ಚಿಮದ ಸೈನಿಕರಲ್ಲ. ಆದರೆ ಕೊಲೆಗಾರರಿಗೆ ಬೀದಿಗಳನ್ನು ತೆರೆದುಕೊಟ್ಟ ಅರಾಜಕತೆ ಆ ಯುದ್ಧದ ಫಲ.

ಪಶ್ಚಿಮವನ್ನು ದೂಷಿಸಿ ಇಲ್ಲಿಗೆ ನಿಲ್ಲಿಸಿದರೆ ಪಾಠ ಅರ್ಧಕ್ಕೇ ಮುಗಿಯುತ್ತದೆ. ಅಹಾಬನು ತಾನಾಗಿ ಪತ್ರ ಬರೆಯಲಿಲ್ಲ, ಕಲ್ಲೆಸೆಯಲಿಲ್ಲ. ತೋಟ ಹೇಗೆ ಬಂತೆಂದು ಕೇಳದೆ ಅನುಭವಿಸಲು ಎದ್ದುಹೋದನು, ಅಷ್ಟೇ. ನಮ್ಮ ಕರಾವಳಿಯ ಎಷ್ಟೋ ಮನೆಗಳೂ ದೇವಾಲಯಗಳೂ ಕೊಲ್ಲಿಯ ದುಡಿಮೆಯಿಂದ ಎದ್ದಿವೆ. ಅದು ಬೆವರಿನ ಹಣ, ಗೌರವಕ್ಕೆ ಅರ್ಹವಾದುದು. ಆದರೂ ಅಗ್ಗದ ತೈಲದ ಸುಖ ನಮ್ಮೆಲ್ಲರನ್ನೂ ಆ ತೋಟದ ಬೇಲಿಯವರೆಗೆ ಕರೆದೊಯ್ಯುತ್ತದೆ. ಮುಂದಿನ ಯುದ್ಧದ ಕಾರಣಗಳನ್ನು ಟಿವಿಯಲ್ಲಿ ಕೇಳಿದ ಭಕ್ತರು ಗುರುಗಳ ಬಳಿ ಬಂದು ಇದು ಸರಿಯೇ ಎಂದು ಕೇಳಿದಾಗ, ಅಧಿಕಾರ ಮತ್ತು ಕಾರಣಗಳನ್ನು ವಿವರಿಸಿದರೆ ಸಾಲದು. ಗೆದ್ದವರ ಕೈಯಲ್ಲಿ ಏನು ಉಳಿಯಲಿದೆ ಎಂದು ಕೇಳಲು ಅವರಿಗೆ ಕಲಿಸಬೇಕು.

ಅಹಾಬನು ಗೋಣಿತಟ್ಟು ಉಟ್ಟು ಪಶ್ಚಾತ್ತಾಪಪಟ್ಟನೆಂದೂ ದೇವರು ಅದನ್ನು ಗಮನಿಸಿದರೆಂದೂ ಪವಿತ್ರಗ್ರಂಥ ಹೇಳುತ್ತದೆ. ತೋಟವನ್ನು ನಾಬೋತನ ಮನೆಯವರಿಗೆ ಹಿಂದಿರುಗಿಸಿದನೆಂದು ಎಲ್ಲಿಯೂ ಹೇಳುವುದಿಲ್ಲ. ಅವನ ಮಗನ ಹೆಣ ಬಿದ್ದದ್ದು ಅದೇ ಹೊಲದಲ್ಲಿ.