ಹಳೆಯ ಜೀಪುಗಳ ನಾಲ್ಕು ಚಕ್ರ ಚಾಲನೆ: ದೋಷಪತ್ತೆ ಮತ್ತು ದುರಸ್ತಿ

ನಾಲ್ಕು ಚಕ್ರ ಚಾಲನೆಯ ದೋಷಪತ್ತೆ ಎಂದರೆ ಎಂಜಿನ್ನಿನ ಶಕ್ತಿಯು ಮುಂದಿನ ಚಕ್ರಗಳಿಗೆ ತಲುಪದಿರುವುದಕ್ಕೆ, ಅಥವಾ ತಲುಪಿದ ಮೇಲೆ ಬಿಡುಗಡೆಯಾಗದಿರುವುದಕ್ಕೆ ಕಾರಣವನ್ನು ಕಂಡುಹಿಡಿಯುವ ಕಾರ್ಯ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯ ಎರೆಮಣ್ಣು ಮಳೆಗೆ ನೆನೆದಾಗ ಕಬ್ಬಿನ ಹೊಲದ ದಾರಿಗಳಲ್ಲಿ ಎರಡು ಚಕ್ರಗಳ ಎಳೆತ ಸಾಲದು. ಈ ವ್ಯವಸ್ಥೆ ಕೆಟ್ಟಿರುವುದು ಸಾಮಾನ್ಯವಾಗಿ ಅಂಥ ದಿನವೇ ತಿಳಿಯುತ್ತದೆ.

ರಚನೆ

ಮಹೀಂದ್ರಾ ಕಂಪನಿಯು 1940ರ ದಶಕದ ಕೊನೆಯಿಂದ ಭಾರತದಲ್ಲಿ ಜೋಡಿಸಿದ ವಿಲ್ಲೀಸ್ ಜೀಪುಗಳಲ್ಲೂ 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲೂ ಇರುವುದು ಅಗತ್ಯವಿದ್ದಾಗ ಮಾತ್ರ ಬಳಸುವ ವ್ಯವಸ್ಥೆ. (ಜೀಪಿನ ಆಕಾರದ ಎಲ್ಲ ವಾಹನಗಳಿಗೂ ಇದು ಇರುವುದಿಲ್ಲ, ಮುಂದಿನ ಆಕ್ಸಲ್ಲಿಗೆ ಡಿಫರೆನ್ಷಿಯಲ್ ಗುಂಡು ಇದೆಯೇ ಎಂದು ಬಗ್ಗಿ ನೋಡಿದರೆ ತಿಳಿಯುತ್ತದೆ.) ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳನ್ನು ನೇರವಾಗಿ ಜೋಡಿಸುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಅದು ಶಾಫ್ಟುಗಳಲ್ಲಿ ಬಿಗಿತವಾಗಿ ಉಳಿದು ಲಿವರನ್ನು ಹಿಡಿದುಬಿಡುತ್ತದೆ. ಆಗ ಲಿವರನ್ನು ಬಲದಿಂದ ಎಳೆಯದೆ ವಾಹನವನ್ನು ನೇರವಾಗಿ ಸ್ವಲ್ಪ ದೂರ ಹಿಂದಕ್ಕೆ ಚಲಿಸಬೇಕು. ನಾಲ್ಕು ಟೈರುಗಳ ಸುತ್ತಳತೆ ಬೇರೆಬೇರೆಯಾಗಿದ್ದರೂ ಇದೇ ತೊಂದರೆ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತಿಗೆ ನೆಲದ ಮೇಲೆ ಎಷ್ಟು ದೂರ ಹೋಯಿತೆಂದು ಅಳೆದರೆ ಇದು ಸ್ಪಷ್ಟವಾಗುತ್ತದೆ.

ದೋಷಪತ್ತೆ

ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಗಳನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಆ ಶಾಫ್ಟನ್ನು ಬಿಚ್ಚಿದರೆ, ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಹಿಂದಿನ ಚಕ್ರಗಳು ಉರುಳಬಲ್ಲವು. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗೇರಿನಲ್ಲಿ ನಿಲ್ಲಿಸಿದ ವಾಹನವೂ ಉರುಳುತ್ತದೆ. ಆದ್ದರಿಂದ ಚಕ್ರಗಳಿಗೆ ಮೊದಲು ಕಲ್ಲು ಕೊಟ್ಟು, ಅನಂತರವೇ ಕೆಳಗೆ ಹೋಗಬೇಕು.

ಮುಂದಿನ ಆಕ್ಸಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಗೇರ್‌ಬಾಕ್ಸನ್ನು ನ್ಯೂಟ್ರಲ್‌ನಲ್ಲಿಟ್ಟು, ನಾಲ್ಕು ಚಕ್ರದ ಲಿವರನ್ನೂ ಹಬ್ಬುಗಳ ಲಾಕನ್ನೂ ಹಾಕಬೇಕು. ಬಳಿಕ ಒಂದು ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಇನ್ನೊಂದು ಚಕ್ರ ವಿರುದ್ಧ ದಿಕ್ಕಿಗೆ ತಿರುಗಿ ಶಾಫ್ಟ್ ಅಲುಗದಿದ್ದರೆ ಜೋಡಣೆ ಸರಿಯಾಗಿದೆ. ಶಾಫ್ಟೂ ತಿರುಗಿದರೆ ಟ್ರಾನ್ಸ್‌ಫರ್ ಕೇಸ್ ಜೋಡಣೆಗೆ ಬಂದಿಲ್ಲ. ಲಿವರಿನ ಸಂದುಗಳ ಸವೆತವನ್ನು ಮೊದಲು ನೋಡಬೇಕು. ಚಕ್ರವೊಂದೇ ಹಗುರವಾಗಿ ತಿರುಗಿ ಉಳಿದದ್ದೆಲ್ಲ ನಿಂತಿದ್ದರೆ, ಎರಡರಲ್ಲಿ ಒಂದು ಬದಿಯ ಹಬ್ಬು ಹಿಡಿದಿಲ್ಲ, ಇಲ್ಲವೇ ಒಳಗಿನ ಆಕ್ಸಲ್ ಶಾಫ್ಟ್ ತುಂಡಾಗಿದೆ. ಹಬ್ಬಿನೊಳಗೆ ಒಣಗಿದ ಗ್ರೀಸೂ ಎರೆಮಣ್ಣೂ ಸೇರಿ ಗಟ್ಟಿಯಾಗಿರುವುದುಂಟು.

ತಿರುವಿನಲ್ಲಿ ಮುಂದಿನಿಂದ ಕಟಕಟ ಸದ್ದು ಬಂದರೆ ಚಕ್ರದ ಬಳಿಯ ಜಾಯಿಂಟನ್ನೂ, ವೇಗದೊಂದಿಗೆ ನಡುಕ ಹೆಚ್ಚಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸನ್ನೂ ಶಂಕಿಸಬೇಕು.

ದುರಸ್ತಿ

ಹಬ್ಬನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ತೆಳುವಾಗಿ ಗ್ರೀಸು ಹಚ್ಚುವುದು ಅಗ್ಗದ ಕೆಲಸ. ಟ್ರಾನ್ಸ್‌ಫರ್ ಕೇಸ್ ಇಳಿಸುವುದು ದುಬಾರಿ. ಈ ಕ್ರಮ ತಲೆಕೆಳಗಾದಲ್ಲಿ ಮಾಲೀಕನಿಗೆ ನಷ್ಟ. ಹರಿವ ನೀರನ್ನು ದಾಟಿದ ವಾಹನದಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ; ಎಣ್ಣೆ ಬದಲಿಸುವುದರ ಜೊತೆಗೆ ಗಾಳಿಕಿಂಡಿ ಮತ್ತು ಸೀಲುಗಳನ್ನೂ ಪರೀಕ್ಷಿಸಬೇಕು. ಹಳೆಯ ಜೀಪಿನಲ್ಲಿ ಗೇರ್‌ಬಾಕ್ಸಿನ ಎಣ್ಣೆ ಇಳಿದು ಟ್ರಾನ್ಸ್‌ಫರ್ ಕೇಸಿನಲ್ಲಿ ಏರಿದ್ದರೆ ನಡುವಿನ ಸೀಲು ಸವೆದಿದೆ. ದುರಸ್ತಿಯ ನಂತರದ ಓಟವನ್ನು ಹಸಿ ಮಣ್ಣಿನಲ್ಲಿ ನಡೆಸಿ, ಟಾರು ರಸ್ತೆಗೆ ಹತ್ತುವ ಮುನ್ನ ಲಿವರನ್ನು ಎರಡು ಚಕ್ರಕ್ಕೆ ತರಬೇಕು.