ಹದಿನಾಲ್ಕು ಸೂಜಿಯ ಅಂಜಿಕೆ

ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ! ಹುಣಸಗಿಯಂಥ ಊರುಗಳಲ್ಲಿ ನಡುವಯಸ್ಸು ದಾಟಿದವರು ಈ ಮಾತನ್ನು ಮರೆತಿರಲಾರರು. ಜನ ಅಂಜುತ್ತಿದ್ದುದು ಸೂಜಿಯ ನೋವಿಗೆ. ವೈದ್ಯರ ಅಂಜಿಕೆಯೇ ಬೇರೆ ಇತ್ತು.

ಆ ಲಸಿಕೆಯ ಮೂಲ ಹಿಮಾಚಲದ ಕಸೌಲಿ. ಅಲ್ಲಿ 1911ರಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯ ರೇಬಿಸ್ ವೈರಾಣು ತಗುಲಿದ ಪ್ರಾಣಿಯ ಮಿದುಳನ್ನು ಅರೆದು, ಫಿನಾಲ್ ಬೆರೆಸಿ ವೈರಾಣುವನ್ನು ನಿಷ್ಕ್ರಿಯಗೊಳಿಸುವ ವಿಧಾನ ರೂಪಿಸಿದರು. ನಮ್ಮಲ್ಲಿ ಕುರಿಯ ಮಿದುಳೇ ಇದಕ್ಕೆ ಒದಗಿತು. ಅಗ್ಗ, ತಯಾರಿಯೂ ಸುಲಭ. ಲಕ್ಷಾಂತರ ಜನರಿಗೆ ಅದೇ ಆಸರೆಯಾಯಿತು.

ತೊಡಕಿದ್ದುದು ವೈರಾಣುವಿನಲ್ಲಲ್ಲ, ಮಿದುಳಿನಲ್ಲಿ. ನರತಂತುಗಳಿಗೆ ಮಯಲಿನ್ ಎಂಬ ಕವಚವಿರುತ್ತದೆ, ವಿದ್ಯುತ್ ತಂತಿಗೆ ಹೊದಿಕೆಯಿರುವಂತೆ. ಕುರಿಯ ಮಯಲಿನ್ನಿಗೂ ಮನುಷ್ಯನದಕ್ಕೂ ಬಹಳ ಹೋಲಿಕೆ. ದಿನವೂ ಚುಚ್ಚಿದ ಈ ಪರಕೀಯ ವಸ್ತುವಿನ ಮೇಲೆ ಕಾದಾಡಲು ಸಜ್ಜಾದ ದೇಹ, ಅಪರೂಪಕ್ಕೆ, ತನ್ನದೇ ನರಗಳ ಮೇಲೂ ತಿರುಗಿಬೀಳುತ್ತಿತ್ತು. ಮಿದುಳು, ಬೆನ್ನುಹುರಿಗಳಲ್ಲಿ ಉರಿಯೂತ, ಜ್ವರ, ತಲೆನೋವು, ಕಾಲುಗಳಲ್ಲಿ ಸ್ವಾಧೀನ ತಪ್ಪುವುದು, ಕೆಲವೊಮ್ಮೆ ಸಾವು. ರಿವರ್ಸ್ ಮತ್ತು ಸಂಗಡಿಗರು 1933ರಲ್ಲಿ ಕೋತಿಗಳಿಗೆ ಮೊಲದ ಮಿದುಳಿನ ಸಾರವನ್ನು ಪದೇ ಪದೇ ಚುಚ್ಚಿ ಇಂಥದೇ ಬೇನೆ ತರಿಸಿ ತೋರಿಸಿದ್ದರು. ಅಂದರೆ, ರೇಬಿಸ್ ವೈರಾಣು ಇಲ್ಲದೆಯೂ ಮಿದುಳಿನ ಸಾರವೇ ಹಾನಿ ಮಾಡಬಲ್ಲದು.

ಕಚ್ಚಿದ ನಾಯಿಯ ರೋಗವೋ, ಲಸಿಕೆಯ ಬೇನೆಯೋ ಎಂದು ಹಾಸಿಗೆಯ ಬದಿ ನಿಂತು ನಿರ್ಧರಿಸುವುದು ಸುಲಭವಿರಲಿಲ್ಲ. ಸೂಜಿ ಬೇಡವೆನ್ನುವಂತೆಯೂ ಇರಲಿಲ್ಲ. ರೇಬಿಸ್ ಲಕ್ಷಣ ಕಾಣಿಸಿತೆಂದರೆ ಸಾವು ಬಹುತೇಕ ಖಚಿತ!

ಕೂನೂರಿನ ಪಾಸ್ಚರ್ ಸಂಸ್ಥೆ ಫಿನಾಲ್ ಬದಲು ಬೀಟಾ ಪ್ರೊಪಿಯೊಲ್ಯಾಕ್ಟೋನ್ ಬಳಸಿತು. ಮಿದುಳು ಮಾತ್ರ ಅದೇ. ಆ ಬಗೆಯ ಲಸಿಕೆಯಿಂದಲೂ ನರಸಂಬಂಧಿ ತೊಂದರೆ ತಪ್ಪಲಿಲ್ಲವೆಂದು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1984ರಲ್ಲಿ ವರದಿ ಮಾಡಿದರು. ಅಷ್ಟರಲ್ಲಾಗಲೇ ವಿಶ್ವ ಆರೋಗ್ಯ ಸಂಸ್ಥೆ ಇಂಥ ಲಸಿಕೆ ನಿಲ್ಲಿಸುವಂತೆ ಹೇಳಿತ್ತು. ಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆಯೂ ಬಂದಿತ್ತು, ಆದರೆ ದುಬಾರಿ. ದುಡ್ಡಿದ್ದವರು ಅಂಗಡಿಯಲ್ಲಿ ಕೊಂಡು ತೋಳಿಗೆ ಚುಚ್ಚಿಸಿಕೊಂಡರೆ, ಇಲ್ಲದವರು ಸರಕಾರಿ ಆಸ್ಪತ್ರೆಯಲ್ಲಿ ಹೊಟ್ಟೆಯೊಡ್ಡಬೇಕಿತ್ತು. ಈ ತಾರತಮ್ಯ ಎರಡು ದಶಕ ನಡೆದದ್ದು ವಿಜ್ಞಾನದ ಕೊರತೆಯಿಂದಲ್ಲ.

ಭಾರತದಲ್ಲಿ ಕುರಿಮಿದುಳಿನ ಲಸಿಕೆಯ ತಯಾರಿಕೆ ನಿಂತದ್ದು 2004ರ ಡಿಸೆಂಬರಿನಲ್ಲಿ. 2006ರಲ್ಲಿ, ಚರ್ಮದೊಳಕ್ಕೆ ಹನಿಯಷ್ಟೇ ಚುಚ್ಚಿ ಹೊಸ ಲಸಿಕೆಯ ಖರ್ಚು ತಗ್ಗಿಸುವ ಕ್ರಮಕ್ಕೂ ಒಪ್ಪಿಗೆ ದೊರೆಯಿತು.