ಜಲದಿಂದ ಜಲಜನಕ: ಲೇಪಿತ ಸಿಲಿಕಾನಿನ ಚರಿತ್ರೆ

ಜಲಜನಕವೆಂಬ ಪಾರಿಭಾಷಿಕ ಪದದಲ್ಲಿಯೇ ಒಂದು ವಂಶಾವಳಿಯಿದೆ. 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರಸಾಯನಜ್ಞರು ಗ್ರೀಕ್ ಧಾತುಗಳಿಂದ ಕಟ್ಟಿದ 'ಹೈಡ್ರೋಜನ್' ಎಂಬ ಹೆಸರಿಗೆ ನೀರನ್ನು ಹುಟ್ಟಿಸುವುದು ಎಂದರ್ಥ. ಕನ್ನಡದ ಪಠ್ಯಪುಸ್ತಕಗಳು ಅದನ್ನೇ ಸಂಸ್ಕೃತ ಪದಗಳಲ್ಲಿ ಹೇಳಿದವು. ನೀರಿನಿಂದ ಜಲಜನಕವನ್ನು ಪಡೆಯುವುದೆಂದರೆ ಈ ವಂಶಾವಳಿಯನ್ನು ಹಿಂದುಮುಂದಾಗಿ ಓದಿದಂತೆ. ವಿದ್ಯುತ್ತಿನಿಂದ ನೀರನ್ನು ವಿಭಜಿಸುವ ಕ್ರಮ 1800ರಿಂದಲೇ ತಿಳಿದಿತ್ತು. ಬಿಸಿಲಿನಿಂದಲೇ ವಿಭಜಿಸುವ ಪ್ರಯತ್ನದ ಚರಿತ್ರೆಯಾದರೋ ಬಹುಮಟ್ಟಿಗೆ ವಿದ್ಯುದಾಗ್ರವನ್ನು ನೀರಿನಿಂದ ಕಾಪಾಡಿಕೊಳ್ಳುವ ಚರಿತ್ರೆಯೇ ಆಗಿದೆ.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಅವರು ಟೈಟಾನಿಯಂ ಡೈಆಕ್ಸೈಡಿನ ವಿದ್ಯುದಾಗ್ರದ ಮೇಲೆ ಬೆಳಕು ಬೀರಿ ನೀರನ್ನು ಒಡೆದರು. ಈ ವಸ್ತು ನೀರಿನಲ್ಲಿ ಕೆಡುವುದಿಲ್ಲ. ಆದರೆ ಅದು ಹೀರಿಕೊಳ್ಳುವುದು ಅತಿನೇರಳೆ ಕಿರಣಗಳನ್ನು ಮಾತ್ರ. ಬಿಸಿಲಿನಲ್ಲಿ ಅವುಗಳ ಪಾಲು ಅತ್ಯಲ್ಪ. ಸಿಲಿಕಾನಿನ ಗುಣ ಇದಕ್ಕೆ ತದ್ವಿರುದ್ಧ. ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಅದು ಚೆನ್ನಾಗಿ ಹೀರುತ್ತದೆ. ನೀರಿನಲ್ಲಿ ಕೆಲಸಕ್ಕೆ ತೊಡಗಿದೊಡನೆ ಮೈಮೇಲೆ ವಿದ್ಯುತ್ತನ್ನು ತಡೆಯುವ ಆಕ್ಸೈಡಿನ ಪೊರೆ ಬೆಳೆಯುತ್ತದೆ, ಕ್ಷಾರದ್ರಾವಣದಲ್ಲಿ ಸವೆಯುತ್ತದೆ. ಅದಕ್ಕೆ ಲೇಪನ ಅನಿವಾರ್ಯವಾದುದು ಹೀಗೆ.

ಶಿರ್ತಾಡಿ, ಮೂಡುಬಿದಿರೆಗಳಂತಹ ಮಳೆಯ ಸೀಮೆಯಲ್ಲಿ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದನ್ನು ಕಂಡವರಿಗೆ ಇದರ ಅರ್ಧಭಾಗ ಅಪರಿಚಿತವಲ್ಲ. ಆ ಎಣ್ಣೆ ನೀರನ್ನೂ ಹುಳುವನ್ನೂ ತಡೆದರೆ ಸಾಕು. ಸಿಲಿಕಾನಿನ ಲೇಪನವು ನೀರನ್ನು ತಡೆಯಬೇಕು, ಬೆಳಕನ್ನು ತಡೆಯಬಾರದು. ಬೆಳಕಿನಿಂದ ಹುಟ್ಟಿದ ವಿದ್ಯುದಾವೇಶವನ್ನೂ ಹೊರಗೆ ಸಾಗಗೊಡಬೇಕು. ಕಷ್ಟವಿರುವುದು ಈ ಉಳಿದರ್ಧದಲ್ಲಿ.

2011ರಲ್ಲಿ ಅಮೆರಿಕದ ಡೇನಿಯಲ್ ನೊಸೆರಾ ಅವರ ತಂಡವು ಕೋಬಾಲ್ಟಿನ ವೇಗವರ್ಧಕವನ್ನು ಲೇಪಿಸಿದ ಸಿಲಿಕಾನಿನ 'ಕೃತಕ ಎಲೆ'ಯನ್ನು ಪ್ರಕಟಿಸಿತು. ತಂತಿಯಿಲ್ಲದ ಆ ಎಲೆಯ ದಕ್ಷತೆ ಶೇ. 2.5. ಕರ್ನಾಟಕದಲ್ಲಿ ಈ ದಾರಿಯನ್ನು ಮುಂದುವರಿಸಿದ್ದು ಬೆಂಗಳೂರಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ. ದ್ರವಸ್ಫಟಿಕಗಳ ಅಧ್ಯಯನಕ್ಕಾಗಿ ಎಸ್. ಚಂದ್ರಶೇಖರ್ ಅವರು 1991ರಲ್ಲಿ ಕಟ್ಟಿದ ಸಂಸ್ಥೆಯೇ ಇಂದು ಈ ಹೆಸರಿನಲ್ಲಿದೆ. ಇಲ್ಲಿನ ಅಶುತೋಷ್ ಕೆ. ಸಿಂಗ್ ಅವರ ತಂಡದ ಫಲಿತಾಂಶವನ್ನು 2025ರಲ್ಲಿ ಪ್ರಕಟಿಸಲಾಯಿತು. ಸಿಲಿಕಾನಿನೊಂದಿಗೆ ಜೋಡಿಸಿದ ಟೈಟಾನಿಯಂ ಡೈಆಕ್ಸೈಡಿನ ಪದರವು ಎಲೆಕ್ಟ್ರಾನುಗಳನ್ನೂ ನಿಕ್ಕಲ್ ಆಕ್ಸೈಡಿನ ಪದರವು ಧನಾವೇಶವನ್ನೂ ಬೇರ್ಪಡಿಸಿ ಒಯ್ಯುತ್ತವೆ. ಈ ಫಲಕವು ಧನಾಗ್ರವಾದ್ದರಿಂದ ಅದರಲ್ಲಿ ಹೊಮ್ಮುವುದು ಆಮ್ಲಜನಕ. ಜಲಜನಕ ಹುಟ್ಟುವುದು ಎದುರಿನ ಋಣಾಗ್ರದಲ್ಲಿ. ಸಾಮಾನ್ಯ ವರದಿಗಳಲ್ಲಿ ಈ ಭೇದ ಮರೆಯಾಗುವುದುಂಟು.

ಕ್ಷಾರದ್ರಾವಣದಲ್ಲಿ ಆ ವಿದ್ಯುದಾಗ್ರವು 10 ಗಂಟೆಗೂ ಹೆಚ್ಚು ಕಾಲ ದುಡಿದಾಗ ಅದರ ಸಾಮರ್ಥ್ಯ ಕುಗ್ಗಿದ್ದು ಶೇ. 4ರಷ್ಟು. ಕರಾವಳಿಯ ಲೆಕ್ಕದಲ್ಲಿ ಇದು ಬೇಸಗೆಯ ಒಂದು ಹಗಲು. ಮನೆಮಾಡಿನ ಸೌರಫಲಕ 25 ವರ್ಷ ಬಾಳಬೇಕೆಂಬುದು ಇಂದಿನ ರೂಢಿ. ತಂಡವು 25 ಚದರ ಸೆಂಟಿಮೀಟರಿನ ಫಲಕವನ್ನೂ ಮಾಡಿ ತೋರಿಸಿದೆ. ಅದು ಅಂಗೈಯೊಳಗೆ ಹಿಡಿಯುವಷ್ಟು ದೊಡ್ಡದು.